ಕೊನೆಯ ಬೆಂಚಿನ ಡೆಸಿಬಲ್

ಶಬ್ದ ಅಳೆಯುವ ಆ ಸೆನ್ಸರ್ ಮೊದಲ ಸಲ ನನ್ನ ಕೈಗೆ ಬಂದಾಗ ಅದರ ಮೈಕಿನ ತೂತಿನೊಳಗೆ ಕುಂಕುಮ ತುಂಬಿಕೊಂಡಿತ್ತು. ಆಯುಧಪೂಜೆಯ ದಿನ ಶಾಲೆಯ ಬಸ್ಸು, ಕಂಪ್ಯೂಟರು, ಜೆರಾಕ್ಸ್ ಮಷೀನುಗಳ ಜೊತೆ ಅದನ್ನೂ ಸಾಲಿನಲ್ಲಿಟ್ಟು, ಯಾರೋ ಭಕ್ತಿಯಿಂದ ಸರಿಯಾಗಿ ಆ ತೂತಿನ ಮೇಲೇ ಬೊಟ್ಟು ಒತ್ತಿದ್ದರು. ಪೂಜೆ ಮುಗಿದ ಮೇಲೆ ಅದು ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರು ಸೇರಿತು. ಅಡ್ಮಿಷನ್ನಿಗೆ ಬಂದ ಅಪ್ಪ ಅಮ್ಮಂದಿರಿಗೆ ಬೀರುವಿನ ಕಡೆ ಕೈ ತೋರಿಸಿ, "ನಮ್ಮಲ್ಲಿ ಸೈನ್ಸ್ ಲ್ಯಾಬೆಲ್ಲಾ ಡಿಜಿಟಲ್" ಅನ್ನುವುದು ಅವರ ಅಭ್ಯಾಸ. ಬೀಗ ಮಾತ್ರ ತೆಗೆಯುತ್ತಿರಲಿಲ್ಲ.

ನಾನಾಗ ದಟ್ಟಗಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಒಂಬತ್ತನೇ ತರಗತಿಗೆ ಶಬ್ದದ ಅಧ್ಯಾಯ ಬಂದಾಗ ಸೆನ್ಸರ್ ಕೊಡಿ ಎಂದು ಕೇಳಿದೆ. ಪ್ರಿನ್ಸಿಪಾಲರು, "ಮಕ್ಕಳು ಮುರಿದು ಹಾಕಿಬಿಟ್ಟರೆ?" ಅಂದರು. ದಿನಾ ಹೋಗಿ ಬೀರುವಿನ ಮುಂದೆ ನಿಂತೆ. ಕೊನೆಗೆ ನನ್ನ ಮುಖ ನೋಡಿ ಸಾಕಾಗಿ ಬೀಗದ ಕೈ ಕೊಟ್ಟರು. ಮನೆಗೆ ತಂದು, ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಜಾರದಲ್ಲಿ ಕೂತು, ಸೂಜಿಯ ಮೊನೆಗೆ ಹತ್ತಿ ಸುತ್ತಿ ಆ ಕುಂಕುಮವನ್ನು ಕಣ ಕಣವಾಗಿ ತೆಗೆದೆ.

ಬೆರಳುದ್ದದ ಬಿಳಿ ಡಬ್ಬಿ ಅದು. ಹಿಂದಿನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸುತ್ತಲಿನ ಶಬ್ದ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಪಕ್ಕದಲ್ಲಿ ಎಷ್ಟು ಡೆಸಿಬಲ್ ಅನ್ನುವ ಅಂಕಿ. ಮೊದಲ ದಿನ ಮಕ್ಕಳಿಗೆ ಹಿಡಿಯಲಾರದಷ್ಟು ಖುಷಿ. ಸ್ಟೀಲ್ ಡಬ್ಬಿ ಬೀಳಿಸಿದರು, ಪೀಪಿ ಊದಿದರು, ಚಿಪ್ಸ್ ಪ್ಯಾಕೆಟ್ ಹಿಸುಕಿದರು, ಪಿಸುಮಾತಿಗೂ ಗೆರೆ ಏಳುತ್ತಾ ಅಂತ ಡಬ್ಬಿಯ ಹತ್ತಿರ ಬಾಯಿಟ್ಟು ಏನೇನೋ ಗುಟ್ಟು ಹೇಳಿದರು. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾದಂತೆ, ಅರವತ್ತಕ್ಕೂ ಎಪ್ಪತ್ತಕ್ಕೂ ನಡುವೆ ಇರುವುದು ಸಣ್ಣ ಅಂತರವಲ್ಲ ಎಂದು ನಾನು ಬೋರ್ಡಿನ ಮೇಲೆ ಬರೆದದ್ದನ್ನು ಮಾತ್ರ ಯಾರೂ ಅಷ್ಟಾಗಿ ನೋಡಲಿಲ್ಲ.

ನೋಡಿದವಳು ಒಬ್ಬಳೇ. ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗಿ. ತರಗತಿಯಲ್ಲೇ ಎತ್ತರದವಳು, ಹಾಗಾಗಿ ಒಂದನೇ ದಿನದಿಂದಲೂ ಅವಳಿಗೆ ಆ ಜಾಗ. ಕೆಸರೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವಳಮ್ಮ ಸಿಟಿ ಬಸ್ಸಿನಲ್ಲಿ ಕಂಡಕ್ಟರು. ಏನು ಕೇಳಿದರೂ ಈ ಹುಡುಗಿ ಒಂದು ಕ್ಷಣ ಸುಮ್ಮನಿದ್ದು, "ಆಂ ಮಿಸ್? ಕೇಳಿಸ್ಲಿಲ್ಲ" ಅನ್ನುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಅವಳ ಹೆಸರೇ 'ಟ್ಯೂಬ್‌ಲೈಟ್' ಅಂತಾಗಿತ್ತು. ಮೇಷ್ಟ್ರುಗಳು ಟೀ ಕುಡಿಯುತ್ತಾ ಅದನ್ನು ಹೇಳಿ ನಗುವಾಗ ನನಗೆ ಟೀ ಇಳಿಯುತ್ತಿರಲಿಲ್ಲ. ಪೇರೆಂಟ್ಸ್ ಮೀಟಿಂಗಿನಲ್ಲಿ ಒಬ್ಬರು ಅವಳಮ್ಮನಿಗೆ, ಮಗಳ ಕಿವಿ ತೋರಿಸಿ ಅಂದರು. ಆಕೆ ಒಂದು ದಿನದ ರಜೆ ಹಾಕಿ ತೋರಿಸಿಯೂ ಬಂದರು. ಕಿವಿ ಸರಿಯಾಗಿದೆ ಅಂದರಂತೆ ಡಾಕ್ಟರು. ಹಾಗಾದರೆ ತಲೆಯೇ ಮಂದ ಎಂದು ಸ್ಟಾಫ್ ರೂಮು ತೀರ್ಮಾನಿಸಿತು.

ಆ ಕಿಟಕಿಯ ಆಚೆ ಏನಿತ್ತು ಅನ್ನುವುದನ್ನು ಹೇಳಬೇಕು. ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಒಂದು ಕಲ್ಯಾಣ ಮಂಟಪ. ಶಾಲೆಯ ಸೆಕ್ರೆಟರಿಯವರದೇ. ಮಂಟಪದ ಹಿಂಭಾಗ ಅಂದರೆ ನಮ್ಮ ತರಗತಿಯ ಕಿಟಕಿ. ಲಗ್ನದ ತಿಂಗಳುಗಳಲ್ಲಿ ಹೆಚ್ಚುಕಡಿಮೆ ದಿನಾ ಮದುವೆ, ಎಂಜಲೆಲೆಗಳನ್ನು ತಂದು ಆ ಗೋಡೆಯ ಬುಡಕ್ಕೇ ಸುರಿಯುತ್ತಿದ್ದರು. ಬಿಸಿಲೇರಿದಂತೆ ಹುಳಿತ ಸಾಂಬಾರು, ಕೊಳೆತ ಬಾಳೆಲೆ, ಮಜ್ಜಿಗೆ, ಬಾಡಿದ ಹೂವು ಎಲ್ಲಾ ಕಲೆತ ನಾತ ಒಳಗೆ ಬರುತ್ತಿತ್ತು. ನೊಣಗಳು ಆ ಎಲೆಗಳ ಮೇಲೆ ಕೂತು ನೇರವಾಗಿ ಮಕ್ಕಳ ಟಿಫಿನ್ ಡಬ್ಬಿಗೆ ಬರುತ್ತಿದ್ದವು. ಎಲೆಗುಡ್ಡೆಯ ಪಕ್ಕದಲ್ಲೇ ಮಂಟಪದ ಡೀಸೆಲ್ ಜನರೇಟರು. ಏಸಿ, ದೀಪಾಲಂಕಾರ, ಮಿಕ್ಸರು, ಎಲ್ಲಕ್ಕೂ ಕರೆಂಟು ಸಾಲದೆಂದು ಮದುವೆಯ ದಿನ ಬೆಳಗಿನಿಂದ ಊಟ ಮುಗಿಯುವವರೆಗೂ ಅದು ಗುಡುಗುಡು ಅನ್ನುತ್ತಲೇ ಇರುತ್ತಿತ್ತು. ಬೋರ್ಡಿನ ಹತ್ತಿರ ನಿಂತ ನಮಗೆ ಅದು ದೂರದ ಸದ್ದು. ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒಂದು ದಿನ ತರಗತಿಯಲ್ಲಿ ದೂರ ಹೆಚ್ಚಾದಂತೆ ಶಬ್ದ ಹೇಗೆ ಇಳಿಯುತ್ತದೆ ಅನ್ನುವ ಪ್ರಯೋಗ ಮಾಡುತ್ತಿದ್ದೆವು. ನಾನು ಬೋರ್ಡಿನ ಹತ್ತಿರ ನಿಂತು ಒಂದೇ ದನಿಯಲ್ಲಿ ಪಾಠ ಓದುವುದು, ಮಕ್ಕಳು ಸೆನ್ಸರನ್ನು ಬೆಂಚಿನಿಂದ ಬೆಂಚಿಗೆ ಒಯ್ಯುವುದು. ಅರ್ಧ ದಾರಿಗೆ ಬಂದಾಗ ಆ ಹುಡುಗಿ ಎದ್ದು ನಿಂತಳು.

"ಮಿಸ್, ನನ್ನ ಬೆಂಚಲ್ಲಿ ಇಟ್ಟು ನೋಡೋಣ್ವಾ?"

ಅವತ್ತು ಮದುವೆಯಿತ್ತು. ವೈರು ಎಳೆದು ಕಂಪ್ಯೂಟರನ್ನೇ ಹಿಂದಕ್ಕೆ ಒಯ್ದರು. ಪರದೆಯ ಮೇಲೆ ಗೆರೆ ಎಪ್ಪತ್ತರ ಆಚೀಚೆ ಹೋಗಿ ನಿಂತಿತು. "ಓದಿ ಮಿಸ್" ಅಂದರು. ಓದಿದೆ. ಗೆರೆ ಅಲುಗಲಿಲ್ಲ. ಗಟ್ಟಿಯಾಗಿ ಓದಿದೆ. ಒಂದು ಕೂದಲೆಳೆ ನಡುಗಿತೋ ಏನೋ. "ಮಿಸ್, ಶುರು ಮಾಡಿ" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಆಗಲೇ ಒಂದು ಪ್ಯಾರಾ ಮುಗಿಸಿದ್ದೆ. ಮಧ್ಯಾಹ್ನ ಮದುವೆಯೂಟ ಮುಗಿದು ಜನರೇಟರು ನಿಂತ ಮೇಲೆ ಅದೇ ಜಾಗದಲ್ಲಿ ಮತ್ತೆ ಇಟ್ಟು ನೋಡಿದೆವು. ನನ್ನ ದನಿ ಅಲ್ಲಿಗೆ ತಲುಪುವಾಗ ಐವತ್ತೈದರ ಹತ್ತಿರ ಇತ್ತು. ಎಪ್ಪತ್ತರ ಮುಂದೆ ಐವತ್ತೈದು ಅಂದರೆ ಜಡಿಮಳೆಯಲ್ಲಿ ಉಗುಳಿದ ಹಾಗೆ. ಆ ಬೆಂಚಿನಲ್ಲಿ ಯಾರು ಕೂತಿದ್ದರೂ ಪಾಠ ಕೇಳಿಸುವುದು ಸಾಧ್ಯವಿರಲಿಲ್ಲ.

ಹುಡುಗಿ ಪರದೆಯನ್ನೇ ನೋಡುತ್ತಿದ್ದಳು. "ಅಂದ್ರೆ ಮಿಸ್, ನಂಗೆ ಕೇಳ್ಸಲ್ಲ ಅಂತ ನಾನು ಹೇಳ್ತಿದ್ದಿದ್ದು ನಿಜ ಅಲ್ವಾ?"

"ನಿಜ ಕಣಮ್ಮ."

"ಅಮ್ಮಂಗೆ ಹೇಳ್ಬೋದಾ?"

"ಹೇಳು" ಅಂದೆ. ನನಗಾದದ್ದು ಹೇವರಿಕೆ. ಒಂದು ಮಗುವನ್ನು ಇಂಜಿನ್ನಿನ ಪಕ್ಕ ಕೂರಿಸಿ, ಕೇಳಿಸಲಿಲ್ಲವೆಂದು ನಕ್ಕು, ಆಸ್ಪತ್ರೆಗೂ ಓಡಿಸಿತ್ತು ನಮ್ಮ ಶಾಲೆ.

ಆಮೇಲೆ ಮಕ್ಕಳನ್ನು ತಡೆಯಲು ಆಗಲಿಲ್ಲ. ಸೈನ್ಸ್ ಎಕ್ಸಿಬಿಷನ್ನಿಗೆ ಇದೇ ನಮ್ಮ ಪ್ರಾಜೆಕ್ಟು ಅಂದರು. ಆ ಹುಡುಗಿಯೇ ಮುಂದಾಳು. ಕಿಟಕಿ ಮುಚ್ಚಿ ಅಳೆದರು, ತೆರೆದು ಅಳೆದರು. ಮನೆಗಳಿಂದ ತೆಂಗಿನ ನಾರಿನ ಮ್ಯಾಟು, ಹಳೆ ಕಂಬಳಿ, ಮೊಟ್ಟೆ ಟ್ರೇ ತಂದು ಕಿಟಕಿಗೆ ಒಡ್ಡಿ ಅಳೆದರು. ಮೊಟ್ಟೆ ಟ್ರೇ ಹಾಕಿದರೆ ಸದ್ದೇ ಬರಲ್ಲ ಎಂದು ಪಂಥ ಕಟ್ಟಿದವನ ಮುಖ ಸಣ್ಣದಾಯಿತು. ಅದರಿಂದ ಏನೂ ಆಗಲಿಲ್ಲ. ಕಂಬಳಿ ಸ್ವಲ್ಪ ತಡೆಯಿತು, ಆದರೆ ಒಳಗೆ ಉಸಿರು ಕಟ್ಟುವ ಸೆಕೆ. ಕೊನೆಗೆ ಅವರು ಚಾರ್ಟಿನ ಕೆಳಗೆ ಬರೆದದ್ದು ಒಂದೇ ವಾಕ್ಯ: ಜನರೇಟರನ್ನು ಮಂಟಪದ ಆ ಬದಿಗೆ ಹಾಕಿದರೆ ಎಲ್ಲರಿಗೂ ಪಾಠ ಕೇಳಿಸುತ್ತದೆ. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬೆಂಚುಗಳ ನಕ್ಷೆ ಬರೆದಿದ್ದರು. ಕೊನೆಯ ಬೆಂಚು ಕೆಂಪು.

ಚಾರ್ಟು ನೋಡಿದ ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದು ಬಾಗಿಲು ಹಾಕಿದರು. "ಏನ್ರೀ ಮಿಸ್ ಇದು, ನನ್ನ ಮನೆಗೆ ಬೆಂಕಿ ಹಚ್ತೀರಾ?"

"ಮಕ್ಕಳು ಅಳೆದಿದ್ದಾರೆ ಸರ್. ನೀವೇ ಬಂದು ಆ ಬೆಂಚಲ್ಲಿ ಒಂದು ಪೀರಿಯಡ್ ಕೂತು ನೋಡಿ."

ಅವರು ಕೂರಲಿಲ್ಲ. ಸಾಯಂಕಾಲ ಸೆಕ್ರೆಟರಿಯವರಿಂದ ಕರೆ ಬಂತು. ಮಂಟಪದ ಆಫೀಸಿಗೆ ಹೋದೆ. ಅವರು ಮದುವೆಯೂಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದರು. ಮೇಜಿನ ಮೇಲೆ ಎಣ್ಣೆಗೈಯ ಗುರುತು. ನಮ್ಮ ಚಾರ್ಟನ್ನು ಅದರ ಮೇಲೇ ಹಾಸಿಕೊಂಡಿದ್ದರು. ಮಾತಾಡುವಾಗ ಬಾಯಿಂದ ಅಡಿಕೆಯ ಚೂರು ಚಾರ್ಟಿನ ಮೇಲೆ ಬೀಳುತ್ತಿತ್ತು. ಬೆರಳಿಂದ ಅದನ್ನು ಒರೆಸಿದರೆ ಕೆಂಪು ಇನ್ನೂ ಹರಡುತ್ತಿತ್ತು.

"ಸೌಂಡ್ ಅಳೀರಿ ಅಂತ ಮಷೀನ್ ತಂದುಕೊಟ್ರೆ ನೀವು ನನ್ನನ್ನೇ ಅಳೀತಾ ಇದೀರಲ್ಲ ಮೇಡಂ."

"ಮಕ್ಕಳಿಗೆ ಪಾಠ ಕೇಳಿಸ್ತಿಲ್ಲ ಸರ್."

"ಕೇಳೋ ಮಕ್ಕಳಿಗೆ ಕೇಳ್ಸುತ್ತೆ ಕಣ್ರೀ. ನಾನು ದೀಪದ ಕಂಬದ ಕೆಳಗೆ ಓದಿದೋನು." ಕಾಲ ಬುಡದಲ್ಲಿದ್ದ ಕಸದ ಬುಟ್ಟಿಗೆ ಬಗ್ಗಿ ಉಗಿದರು. ಅರ್ಧ ಬುಟ್ಟಿಗೆ, ಅರ್ಧ ಹೊರಗೆ. "ಒಂದು ಕೆಲಸ ಮಾಡಿ. ಈ ಭಾನುವಾರ ಮದುವೆ ಇಲ್ಲ. ಅವತ್ತು ಅಳೆದು ಅದನ್ನ ಹಾಕಿ. ಅದೂ ಸೈನ್ಸೇ ಅಲ್ವಾ?"

"ಭಾನುವಾರ ತರಗತಿಯಲ್ಲಿ ಮಕ್ಕಳೂ ಇರಲ್ಲ ಸರ್, ನಾನೂ ಇರಲ್ಲ. ಖಾಲಿ ಕೋಣೆ ಅಳೆದು ಏನು ಮಾಡೋದು? ನನ್ನಿಂದ ಆಗಲ್ಲ."

"ಆಗೋರ ಕೈಲಿ ಮಾಡಿಸ್ತೀನಿ ಬಿಡಿ" ಅಂದರು, ನಗುತ್ತಲೇ. ಆ ನಗುವಿಗೆ ಕೆಂಪು ಹಲ್ಲು.

ಆಗುವವರು ಸಿಕ್ಕಿದರು. ಕಂಪ್ಯೂಟರ್ ಮೇಷ್ಟ್ರು ಭಾನುವಾರ ಹೋಗಿ ಅಳೆದರು. ಆಗಲೂ ರಸ್ತೆಯ ಸದ್ದು ಬರುತ್ತಿತ್ತೆಂದು ಸೆನ್ಸರಿಗೆ ಕರ್ಚೀಫು ಸುತ್ತಿದರಂತೆ. ಅದನ್ನು ಅವರೇ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕರು, ಏನೋ ಜಾಣತನ ಮಾಡಿದವರ ಹಾಗೆ. ನಾನು ಎದ್ದು, "ಮಕ್ಕಳ ಹತ್ತಿರಾನೂ ಇದನ್ನ ಹೀಗೇ ಹೇಳ್ತೀರಾ?" ಅಂದೆ. ನಗು ನಿಂತಿತು. ಅವರು ಬಿಸ್ಕತ್ತಿನ ಡಬ್ಬಿ ನನ್ನ ಕಡೆ ಚಾಚಿದರು. ಅಷ್ಟೇ.

ಎಕ್ಸಿಬಿಷನ್ ದಿನ ನಮ್ಮ ಮೇಜಿನ ಹಿಂದೆ ಮಕ್ಕಳ ಚಾರ್ಟು ಇರಲಿಲ್ಲ. ಅದರ ಬದಲು ಗೋಡೆಯಗಲದ ಫ್ಲೆಕ್ಸು. 'ನಮ್ಮ ಶಾಲೆ: ನಿಶ್ಶಬ್ದ ವಲಯ' ಎಂದು ಹಸಿರು ಅಕ್ಷರ, ಒಂದು ಮೂಲೆಯಲ್ಲಿ ಸೆಕ್ರೆಟರಿಯವರು ಕೈಮುಗಿದ ಚಿತ್ರ, ಎಲ್ಲಾ ಬೆಂಚುಗಳಿಗೂ ನಲವತ್ತರ ಕೆಳಗಿನ ಅಂಕಿ. ವೇದಿಕೆಯ ಎರಡು ಬದಿಗೂ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು. ಅವುಗಳಿಂದ ಸ್ವಾಗತ ಗೀತೆ ಎಷ್ಟು ಜೋರಾಗಿ ಬರುತ್ತಿತ್ತೆಂದರೆ ಮೇಜಿನ ಮೇಲಿನ ಬೀಕರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಆಚೆ ಮದುವೆ. ಜನರೇಟರೂ ಓಡುತ್ತಿತ್ತು.

ಆ ಹುಡುಗಿ ಫ್ಲೆಕ್ಸಿನ ಮುಂದೆ ನಿಂತಿದ್ದಳು. ಇಸ್ತ್ರಿಯ ಯೂನಿಫಾರಂ, ಎರಡು ಜಡೆ, ಹೊಸ ರಿಬ್ಬನ್ನು. ಪ್ರಿನ್ಸಿಪಾಲರು ಅವಳಿಗೆ ಫ್ಲೆಕ್ಸಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿಸಿದ್ದರು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ: "ನೋಡಮ್ಮ, ಇದನ್ನ ನೀನು ಹೇಳಲೇಬೇಕು ಅಂತಿಲ್ಲ. ಬೇಡ ಅನ್ನಿಸಿದ್ರೆ ನನ್ನ ಜೊತೆ ಬಂದುಬಿಡು. ಯಾರು ಏನಂದ್ರೂ ನಾನು ಮಾತಾಡ್ತೀನಿ."

ಅವಳು ತಲೆಯಾಡಿಸಿದಳು. "ಇರ್ತೀನಿ ಮಿಸ್."

ಮುಖ್ಯ ಅತಿಥಿಗಳು ಹಾರದ ಭಾರಕ್ಕೆ ಕತ್ತು ತಿರುಗಿಸಲಾಗದೆ ಮೈಯನ್ನೇ ತಿರುಗಿಸುತ್ತಾ ಬಂದರು. ಪಕ್ಕದಲ್ಲಿ ಸೆಕ್ರೆಟರಿ. "ಏನಮ್ಮಾ ಇದು?" ಎಂದು ಅತಿಥಿಗಳು ಕೇಳಿದರು. ಹುಡುಗಿ ಬಾಯಿಪಾಠ ಒಪ್ಪಿಸಲಿಲ್ಲ. "ಇದು ಸೌಂಡ್ ಸೆನ್ಸರ್ ಸರ್. ಈಗ ಇಲ್ಲಿ ಎಷ್ಟು ಸೌಂಡ್ ಇದೆ ಅಂತ ತೋರಿಸ್ತೀನಿ" ಎಂದು ಕಂಪ್ಯೂಟರಿನ ಗುಂಡಿ ಒತ್ತಿದಳು. ಗೆರೆ ನೆಗೆದು ಮೇಲಕ್ಕೆ ಹೋಗಿ ನಿಂತಿತು. ತೊಂಬತ್ತರ ಹತ್ತಿರ. ಹಿಂದೆ ಫ್ಲೆಕ್ಸಿನಲ್ಲಿ ನಲವತ್ತು. ಎರಡೂ ಪಕ್ಕಪಕ್ಕ, ಕುರುಡರಿಗೂ ಕಾಣುವ ಹಾಗೆ. ಅವಳು ಬೆರಳಿಟ್ಟು ಮೊದಲು ಪರದೆ ತೋರಿಸಿದಳು, ಆಮೇಲೆ ಫ್ಲೆಕ್ಸು ತೋರಿಸಿದಳು.

ಅತಿಥಿಗಳು ಪರದೆಯನ್ನು ನೋಡಿದರು. "ಓಹೋ, ತೊಂಬತ್ತು! ನೂರಕ್ಕೆ ತೊಂಬತ್ತು! ವೆರಿ ಗುಡ್, ವೆರಿ ಗುಡ್" ಎಂದು ಚಪ್ಪಾಳೆ ತಟ್ಟಿದರು. ಸುತ್ತಲಿದ್ದವರೆಲ್ಲಾ ತಟ್ಟಿದರು. ಫೋಟೋದವನು ಹುಡುಗಿಗೆ ಇತ್ತ ನೋಡು ಅಂದ. ಗುಂಪು ಮುಂದಿನ ಮೇಜಿಗೆ, ಜ್ವಾಲಾಮುಖಿಯ ಮಾದರಿಯ ಕಡೆಗೆ ಹರಿದುಹೋಯಿತು.

ಇಷ್ಟು ವರ್ಷವಾದರೂ ನನಗೆ ಅತಿ ಹೆಚ್ಚು ಅಸಹ್ಯ ಹುಟ್ಟಿಸುವುದು ಆ ಚಪ್ಪಾಳೆ. ಸುಳ್ಳು ಹೇಳಿದ್ದಕ್ಕೆ ಸಿಟ್ಟು ಬರುತ್ತದೆ, ಆ ಸಿಟ್ಟಿಗೆ ಎದುರಿಗೊಬ್ಬ ಆಳಾದರೂ ಇರುತ್ತಾನೆ. ನಿಜವನ್ನು ಮುಖದ ಮುಂದೆ ಹಿಡಿದಾಗ ಅದನ್ನು ಓದುವಷ್ಟೂ ಆಸಕ್ತಿಯಿಲ್ಲದೆ ಕೈತಟ್ಟಿ ಹೋಗುವವರನ್ನು ಏನು ಮಾಡುವುದು? ಅವರ ಬೆವರು, ಚಂದನ, ಹಾರದ ಸುಗಂಧರಾಜ ಎಲ್ಲಾ ಸೇರಿದ ವಾಸನೆ ಆ ಮೇಜಿನ ಸುತ್ತ ಬಹಳ ಹೊತ್ತು ಇತ್ತು.

ಸೆಕ್ರೆಟರಿಯವರಿಗೆ ಮಾತ್ರ ಅರ್ಥವಾಗಿತ್ತು. ಗುಂಪು ಮುಂದೆ ಹೋಗಲೆಂದು ಕಾದು, ಹಿಂದಿರುಗಿ ಬಂದು, ವೈರನ್ನು ಕಿತ್ತು ಸೆನ್ಸರನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು. "ಟ್ಯೂಬ್‌ಲೈಟ್ ಅಂತ ಸರಿಯಾಗೇ ಹೆಸರಿಟ್ಟವ್ರೆ ನಿಂಗೆ" ಅಂದರು ಹುಡುಗಿಗೆ. ಒಂಬತ್ತನೇ ತರಗತಿಯ ಮಗುವಿಗೆ, ಅಷ್ಟು ಜನರ ನಡುವೆ.

ನಾನು ಅವರಿಗೆ ಅಡ್ಡ ನಿಂತೆ. "ಅವಳಿಗೆ ಹೆಸರಿದೆ ಸರ್. ಅಳೆದಿದ್ದು ತಪ್ಪು ಅನ್ನೋದಾದ್ರೆ ನನ್ನ ಹತ್ತಿರ ಮಾತಾಡಿ." ಅವರು ನನ್ನನ್ನು ಬಳಸಿಕೊಂಡು ಅತಿಥಿಗಳ ಹಿಂದೆ ಹೋದರು. ಹುಡುಗಿ ಅಳಲಿಲ್ಲ. ಮೇಜಿನ ಮೇಲಿದ್ದ ನಾರಿನ ಮ್ಯಾಟನ್ನು ಸುರುಳಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಅದು ಅವಳ ಮನೆಯದು.

ಮರುದಿನ ಅವಳಮ್ಮ ಬಂದರು. ಡ್ಯೂಟಿಯ ಮಧ್ಯೆ ಬಂದದ್ದು, ಖಾಕಿ ಕೋಟಿನಲ್ಲೇ. ಪ್ರಿನ್ಸಿಪಾಲರು ಕೂರಿ ಅನ್ನಲಿಲ್ಲ. ಮಗಳನ್ನು ಮುಂದಿನ ಬೆಂಚಿಗೆ ಹಾಕಿ ಎಂದು ಆಕೆ ಕೇಳಿದರೆ, ಎತ್ತರದ ಮಗು, ಹಿಂದಿನವರಿಗೆ ಬೋರ್ಡು ಕಾಣಲ್ಲ ಅಂದರು. ನಾನು ಆಕೆಯನ್ನು ತರಗತಿಗೆ ಕರೆದುಕೊಂಡು ಹೋಗಿ ಮಗಳ ಜಾಗದಲ್ಲಿ ಕೂರಿಸಿದೆ. ಜನರೇಟರು ಓಡುತ್ತಿತ್ತು. ಬೋರ್ಡಿನ ಹತ್ತಿರ ನಿಂತು ಪಾಠ ಶುರು ಮಾಡಿದೆ. ಆಕೆ ಸ್ವಲ್ಪ ಹೊತ್ತು ಕುತ್ತಿಗೆ ಮುಂದೆ ಚಾಚಿ ಕೂತಿದ್ದರು. ಆಮೇಲೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡು ಎದ್ದು ಬಂದರು.

"ಎಂತಾ ನಾತ ಮೇಡಂ ಇದು! ಇದರಲ್ಲಿ ಕೂತ್ಕಂಡು ಉಣ್ತಿದ್ಲಾ ನನ್ ಮಗ್ಳು? ಕಿವಿ ಕೇಳ್ಸಲ್ವಾ ಅಂತ ನಾನೇ ಬೈದ್ಬುಟ್ಟಿದ್ನಲ್ಲ ಅವಳ್ನ." ಸೆರಗು ಕೋಟಿನೊಳಗೆ ಸಿಕ್ಕಿಸಿಕೊಂಡು, "ಈಗ ಟೀಸಿ ಕೇಳಿದ್ರೆ ವರ್ಷ ಹೋಗ್ಬುಡುತ್ತೆ. ನೀವು ಏನಾದ್ರೂ ಮಾಡಕ್ಕಾಗುತ್ತಾ?"

ಮಾಡುವುದು ಒಂದು ಹೊಳೆಯಿತು. ನನ್ನ ಪೀರಿಯಡ್ಡಿನಲ್ಲಿ ಬೆಂಚುಗಳನ್ನೆಲ್ಲಾ ಹಿಂದುಮುಂದಾಗಿ ತಿರುಗಿಸಿದೆ. ಒಂದು ಸುರುಳಿ ಬೋರ್ಡನ್ನು ತಂದು ಹಿಂದಿನ ಗೋಡೆಗೆ ನೇತುಹಾಕಿ, ಆ ಕಿಟಕಿಯ ಪಕ್ಕ ನಿಂತು ಪಾಠ ಮಾಡತೊಡಗಿದೆ. ಹೊಗೆ ನನ್ನ ಮುಖಕ್ಕೆ, ಎಂಜಲೆಲೆಯ ನಾತ ನನ್ನ ಮೂಗಿಗೆ. ಆ ಹುಡುಗಿ ಈಗ ನನ್ನಿಂದ ಒಂದು ಮಾರು ದೂರದಲ್ಲಿ. ಕೇಳಿದ್ದಕ್ಕೆಲ್ಲಾ ತಡವಿಲ್ಲದೆ ಉತ್ತರ ಬರತೊಡಗಿತು. ಕೆಲವೊಮ್ಮೆ ನಾನು ಪ್ರಶ್ನೆ ಮುಗಿಸುವ ಮೊದಲೇ. ಬೇರೆ ಮೇಷ್ಟ್ರುಗಳು, ಬೆಂಚು ಎಳೆದಾಡುವ ಸದ್ದು ಜಾಸ್ತಿಯಾಯಿತು ಎಂದು ದೂರು ಕೊಟ್ಟರು! ಪ್ರಿನ್ಸಿಪಾಲರು ಮೆಮೋ ಕೊಡುತ್ತೇನೆ ಅಂದರು. ಕೊಡಿ ಅಂದೆ. ಕೊಡಲಿಲ್ಲ.

ಜನರೇಟರು ಆಮೇಲೆ ಆ ಜಾಗದಿಂದ ಹೋಯಿತು. ಯಾಕೆ ಹೋಯಿತೆಂದರೆ, ಯಾವುದೋ ದೊಡ್ಡ ಮದುವೆಯಲ್ಲಿ ಗಾಳಿ ತಿರುಗಿ ಹೊಗೆ ಊಟದ ಮನೆಗೆ ನುಗ್ಗಿತು. ಬೀಗರು ಪಂಕ್ತಿಯಿಂದ ಎದ್ದರು. ಪಾಯಸದಲ್ಲಿ ಡೀಸೆಲ್ ವಾಸನೆ ಅಂದರು. ಸೆಕ್ರೆಟರಿಯವರು ಕೈಮುಗಿದು ನಿಂತು ಸಮಾಧಾನ ಮಾಡಿದರಂತೆ. ವಾರ ಕಳೆಯುವಷ್ಟರಲ್ಲಿ ಮಂಟಪದ ಆ ಬದಿಗೆ ಹೊಸ ಕಟ್ಟೆ ಕಟ್ಟಿ, ಅದಕ್ಕೊಂದು ತಗಡಿನ ಗೂಡು ಮಾಡಿ, ಜನರೇಟರನ್ನು ಅಲ್ಲಿ ಕೂರಿಸಿದರು. ನಮ್ಮ ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದ್ದ ಜಾಗವೇ. ಮಕ್ಕಳು ಕುಣಿದರು, ನಮ್ಮ ಪ್ರಾಜೆಕ್ಟಿನಿಂದಲೇ ಆಗಿದ್ದು ಅಂದುಕೊಂಡರು. ಹಾಗೆ ಅಂದುಕೊಳ್ಳಲಿ ಎಂದು ಬಿಟ್ಟೆ. ಒಂದು ತಟ್ಟೆ ಪಾಯಸಕ್ಕಿದ್ದ ಬೆಲೆ ಒಂದು ತರಗತಿಯ ಕಿವಿಗಳಿಗಿರಲಿಲ್ಲ ಎಂದು ಅವರಿಗೆ ನಾನು ಯಾವ ಬಾಯಿಂದ ಹೇಳಲಿ?

ಹುಡುಗಿಗೆ ಮಾತ್ರ ಗೊತ್ತಿತ್ತು. "ಹೊಗೆಗೆ ಎತ್ತಿದ್ದಲ್ವಾ ಮಿಸ್? ಸೌಂಡಿಗೆ ಅಲ್ಲ" ಅಂದಳು ಒಂದು ದಿನ. ಹೌದು ಅಂದೆ. "ಹೋಗ್ಲಿ ಬಿಡಿ, ಕೇಳ್ಸುತ್ತಲ್ಲ" ಅಂದಳು.

ವರ್ಷದ ಕೊನೆಗೆ ನಾನು ಆ ಶಾಲೆ ಬಿಟ್ಟೆ. ಅವಳು ಹತ್ತನೆಯದನ್ನು ಅಲ್ಲೇ ಮುಗಿಸಿ, ವಿಜ್ಞಾನದಲ್ಲಿ ಇಡೀ ತರಗತಿಗೇ ಮುಂದೆ ಬಂದಳು. ಪಿಯುಸಿಗೆ ಸೇರಿದ ದಿನ ಅಮ್ಮ ಮಗಳಿಬ್ಬರೂ ಕೃಷ್ಣಮೂರ್ತಿಪುರಂನ ಮನೆಗೆ ಬಂದು ಒಂದು ಡಬ್ಬಿ ಒಬ್ಬಟ್ಟು ಕೊಟ್ಟುಹೋದರು.

ಮೊನ್ನೆ ನಮ್ಮ ಬೀದಿಯ ಒಬ್ಬ ತಾಯಿ ಆ ಶಾಲೆಯ ಅಡ್ಮಿಷನ್ ಪುಸ್ತಿಕೆ ಹಿಡಿದು ಬಂದರು. "ನೀವು ಅಲ್ಲಿ ಇದ್ದೋರಲ್ವಾ, ಹೇಗಿದೆ ಹೇಳಿ." ಒಳಪುಟದಲ್ಲಿ ಅದೇ ಹುಡುಗಿಯ ಫೋಟೋ. ಎರಡು ಜಡೆ, ಹೊಸ ರಿಬ್ಬನ್ನು, ಪರದೆಯ ಕಡೆ ಚಾಚಿದ ಬೆರಳು. ಪರದೆಯ ಮೇಲಿನ ಅಂಕಿಯನ್ನು ಮಸುಕು ಮಾಡಿದ್ದರು. ಕೆಳಗೆ 'ಪ್ರಶಾಂತ ಪರಿಸರದಲ್ಲಿ ಪ್ರಯೋಗಾತ್ಮಕ ಕಲಿಕೆ' ಎಂದು ಅಚ್ಚಾಗಿತ್ತು. ನಾನು ಆಕೆಯನ್ನು ಕೂರಿಸಿ ನಡೆದದ್ದನ್ನೆಲ್ಲಾ ಹೇಳಿದೆ. ಎಲೆಗುಡ್ಡೆ, ಕರ್ಚೀಫು, ಚಪ್ಪಾಳೆ, ಒಂದೂ ಬಿಡಲಿಲ್ಲ. ಆಕೆ ಗಮನವಿಟ್ಟು ಕೇಳಿದರು, ಅಯ್ಯೋ ಪಾಪ ಅಂದರು, ಕಾಫಿ ಕುಡಿದರು. ಮಗನನ್ನು ಅಲ್ಲಿಗೇ ಸೇರಿಸಿದರು ಎಂದು ಆಮೇಲೆ ತಿಳಿಯಿತು. ಸ್ಕೂಲ್ ಬಸ್ಸು ನಮ್ಮ ಬೀದಿಯ ತನಕ ಬರುತ್ತದಂತೆ.